ಹದಿನೈದು ಕಾರ್ಡಿನ ಜಾಗ

"ಅಕ್ಕ, ಅದು ಒಡೆಯಲ್ಲ."

ಎದುರಿಗೆ ಕೂತಿದ್ದ ಹುಡುಗ ತನ್ನ ಕಾರ್ಡನ್ನು ನನ್ನ ಕಡೆಗೆ ತಿರುಗಿಸಿದ. ಅದರಲ್ಲಿದ್ದ ಒಂದು ಪದದ ಕೆಳಗೆ ಉಗುರಿಟ್ಟು ತೋರಿಸಿದ. ಇಂಡಿಸ್ಟ್ರಕ್ಟಿಬಲ್. ಏನು ಮಾಡಿದರೂ ನಾಶವಾಗದ್ದು. ಆ ಕಾರ್ಡನ್ನು ಒಡೆಯಬೇಕು ಅಂತಲೇ ನಾನು ಎರಡು ವಾರ ಹುಡುಕಾಡಿ ನಾಲ್ಕು ಗೊರಿಲ್ಲಾ ಶಾಮನ್ ಕಾರ್ಡ್ ತಂದಿದ್ದೆ. ಅವನು ಹೇಳಿದ್ದು ಮೆತ್ತಗೆ, ಗೆದ್ದ ಗತ್ತಿನಲ್ಲಿ ಅಲ್ಲ. ಆದರೂ ಆ ಮಾತು ಕೇಳಿ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಇದು 2023ರ ಮಳೆಗಾಲದ ಮಾತು. ಬೆಂಗಳೂರಿನ ಒಂದು ಬೋರ್ಡ್ ಗೇಮ್ ಕೆಫೆಯಲ್ಲಿ ನಾವು ಹತ್ತು ಹನ್ನೆರಡು ಜನ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ಆಡುತ್ತಿದ್ದದ್ದು ಮ್ಯಾಜಿಕ್: ದಿ ಗ್ಯಾದರಿಂಗ್. ಗೊತ್ತಿಲ್ಲದವರಿಗೆ ಎರಡು ಮಾತು. ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಎಲೆ ಹಂಚಿಕೊಂಡು ಆಡುತ್ತಾರೆ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕಟ್ಟನ್ನು ಮನೆಯಲ್ಲೇ ಕಟ್ಟಿಕೊಂಡು ಬರುತ್ತಾರೆ. ಸಾವಿರಾರು ಬಗೆಯ ಕಾರ್ಡ್‌ಗಳಲ್ಲಿ ಕನಿಷ್ಠ 60 ಆರಿಸಬೇಕು. ಒಂದೇ ಕಾರ್ಡ್ ನಾಲ್ಕಕ್ಕಿಂತ ಜಾಸ್ತಿ ಇರಬಾರದು, ಸಾಧಾರಣ ಲ್ಯಾಂಡ್‌ಗಳನ್ನು ಬಿಟ್ಟು. ಇಬ್ಬರಿಗೂ 20 ಪ್ರಾಣ. ಎದುರಾಳಿಯ ಇಪ್ಪತ್ತನ್ನು ಸೊನ್ನೆಗೆ ಇಳಿಸಿದವರು ಗೆದ್ದರು. ಹಾಗಾಗಿ ಅರ್ಧ ಆಟ ಮೇಜಿನ ಮೇಲೆ ನಡೆದರೆ, ಇನ್ನರ್ಧ ಹಿಂದಿನ ರಾತ್ರಿ ಮನೆಯ ಚಾಪೆಯ ಮೇಲೆ ನಡೆದಿರುತ್ತದೆ. ನನಗೆ ಆ ಇನ್ನರ್ಧದ ಮೇಲೆ ಪ್ರೀತಿ ಜಾಸ್ತಿ.

ನಾವು ಆಡುತ್ತಿದ್ದ ಬಗೆಯ ಹೆಸರು ಪಾಪರ್. ಕಾಮನ್, ಅಂದರೆ ಹೇರಳವಾಗಿ ಸಿಗುವ ದರ್ಜೆಯಲ್ಲಿ ಅಚ್ಚಾದ ಕಾರ್ಡ್‌ಗಳಿಗೆ ಮಾತ್ರ ಪ್ರವೇಶ. ದುಬಾರಿ ಕಾರ್ಡ್ ಇದ್ದವರೇ ಗೆಲ್ಲುತ್ತಾರೆ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಮೊದಲು ಕಂಪ್ಯೂಟರಿನಲ್ಲೇ ಬೆಳೆದ ಈ ಆಟಕ್ಕೆ 2019ರಲ್ಲಿ ಕಾಗದದ ಕಾರ್ಡ್‌ಗಳಲ್ಲೂ ಅಧಿಕೃತ ಒಪ್ಪಿಗೆ ಸಿಕ್ಕಿತು. ಕಾರ್ಡ್ ತರಿಸೋದೇ ದೊಡ್ಡ ಕೆಲಸವಾಗಿರುವ ನಮ್ಮಂಥ ಊರಿನವರಿಗೆ ಇದು ವರವೇ ಸರಿ. ಕಾಲೇಜು ಹುಡುಗರೂ ಕೂಡಿಟ್ಟ ಪಾಕೆಟ್ ಮನಿಯಲ್ಲಿ ಒಳ್ಳೆಯ ಡೆಕ್ ಕಟ್ಟಬಹುದು.

ಆದರೆ ಆ ಮಳೆಗಾಲದಲ್ಲಿ ನಮ್ಮ ಹನ್ನೆರಡು ಜನರಲ್ಲಿ ಐದು ಜನ ಒಂದೇ ಡೆಕ್ ತರುತ್ತಿದ್ದರು. ಅಫಿನಿಟಿ.

ಅದರ ಒಳಗುಟ್ಟು ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಮ್ಯಾಜಿಕ್‌ನಲ್ಲಿ ಯಾವ ಕಾರ್ಡ್ ಆಡಬೇಕಾದರೂ ಬೆಲೆ ಕೊಡಬೇಕು. ಆ ಬೆಲೆಯ ಹೆಸರು ಮಾನಾ. ಮಾನಾ ಹುಟ್ಟೋದು ಲ್ಯಾಂಡ್‌ನಿಂದ, ಅಂದರೆ ನೆಲದಿಂದ. ಅದಕ್ಕೆ ಬಣ್ಣಗಳೂ ಇವೆ, ಕಾರ್ಡಿನ ಬಣ್ಣಕ್ಕೆ ತಕ್ಕ ಮಾನಾ ಬೇಕು. ಒಂದು ಸರದಿಗೆ ಒಂದೇ ಲ್ಯಾಂಡ್ ಇಳಿಸಬಹುದು. ಆದ್ದರಿಂದ ಮೂರನೇ ಸರದಿಯಲ್ಲಿ ನಿಮ್ಮ ಹತ್ತಿರ ಸಾಮಾನ್ಯವಾಗಿ ಮೂರೇ ಮಾನಾ. ಏಳು ಮಾನಾ ಬೆಲೆಯ ದೈತ್ಯನನ್ನು ಇಳಿಸಲು ಏಳನೇ ಸರದಿವರೆಗೆ ಕಾಯಬೇಕು. ಆಟದ ಲಯ ನಿಂತಿರೋದೇ ಈ ಕಾಯುವಿಕೆಯ ಮೇಲೆ.

ಅಫಿನಿಟಿ ಆ ಲಯವನ್ನೇ ಮುರಿಯುತ್ತದೆ. ಮಿರ್ ಎನ್‌ಫೋರ್ಸರ್ ಅನ್ನೋ ಲೋಹದ ದೈತ್ಯನ ಬೆಲೆ ಏಳು, ಬಲ ನಾಲ್ಕಕ್ಕೆ ನಾಲ್ಕು, ಅಂದರೆ ಹೊಡೆಯೋದೂ ನಾಲ್ಕು, ಸಾಯಲು ಬೇಕಾದ ಪೆಟ್ಟೂ ನಾಲ್ಕು. ಆದರೆ ನಿಮ್ಮ ಮುಂದೆ ಎಷ್ಟು ಆರ್ಟಿಫ್ಯಾಕ್ಟ್ ಇವೆಯೋ, ಬೆಲೆಯಲ್ಲಿ ಅಷ್ಟು ಕಡಿತ. ಆರ್ಟಿಫ್ಯಾಕ್ಟ್ ಅಂದರೆ ಯಂತ್ರ, ಉಪಕರಣ, ಅಂಥವು. ಈ ಆಟದಲ್ಲಿ ಕೆಲವು ಲ್ಯಾಂಡ್‌ಗಳೇ ಆರ್ಟಿಫ್ಯಾಕ್ಟ್ ಕೂಡ ಹೌದು! ಅವು ಮಾನಾ ಕೊಡುತ್ತವೆ, ಬೆಲೆಯನ್ನೂ ಇಳಿಸುತ್ತವೆ. ಒಂದೇ ಕಾರ್ಡು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಎರಡನೇ ಸರದಿಯಲ್ಲಿ ಇಕರ್ ವೆಲ್‌ಸ್ಪ್ರಿಂಗ್ ಅನ್ನೋ ಉಪಕರಣ ಇಳಿಸಿ, ಮೂರನೆಯದರಲ್ಲಿ ಮೂರನೇ ಆರ್ಟಿಫ್ಯಾಕ್ಟ್ ಲ್ಯಾಂಡ್ ಹಾಕಿದರೆ ಮೇಜಿನ ಮೇಲೆ ನಾಲ್ಕು ಆರ್ಟಿಫ್ಯಾಕ್ಟ್. ಏಳು ಮಾನಾದ ದೈತ್ಯ ಮೂರಕ್ಕೇ ಸಿಕ್ಕಿದ. ಐದು ಮಾನಾದ ಥಾಟ್‌ಕಾಸ್ಟ್ ಒಂದೇ ಮಾನಾಕ್ಕೆ ಎರಡು ಹೊಸ ಕಾರ್ಡ್ ಕೊಡುತ್ತದೆ. ನೀವಿನ್ನೂ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಅವರು ಬಸ್ ಸ್ಟಾಂಡಿನಲ್ಲಿರುತ್ತಾರೆ.

ಆಗ ನನ್ನ ಹತ್ತಿರ ಇದ್ದದ್ದು ಕಪ್ಪು ಡೆಕ್. ಕೊಲ್ಲುವ ಕಾರ್ಡ್‌ಗಳೇ ತುಂಬಿದ್ದ ಡೆಕ್. ಎದುರಾಳಿ ದೈತ್ಯ ಇಳಿಸಿದರೆ ನಾನು ಕೊಲ್ಲುತ್ತೇನೆ, ಇನ್ನೊಂದು ಇಳಿಸಿದರೆ ಅದನ್ನೂ ಕೊಲ್ಲುತ್ತೇನೆ. ಮೊದಲ ದಿನ ನಾಲ್ಕು ಎನ್‌ಫೋರ್ಸರ್‌ಗಳನ್ನೂ ಕೊಂದೆ. ಸೋತೆ. ಮುಂದಿನ ವಾರವೂ ಹಾಗೇ ಆಯಿತು. ನಾನು ಎರಡು ಮಾನಾ ಕೊಟ್ಟು ಒಂದನ್ನು ಕೊಂದರೆ, ಅವನು ಒಂದು ಮಾನಾ ಕೊಟ್ಟು ಎರಡು ಕಾರ್ಡ್ ಎಳೆಯುತ್ತಿದ್ದ. ನನ್ನ ಕೈ ಖಾಲಿಯಾದಾಗ ಅವನ ಕೈಯಲ್ಲಿ ಐದು ಕಾರ್ಡು. ಕೊನೆಗೆ ಗ್ಯಾಲ್ವಾನಿಕ್ ಬ್ಲಾಸ್ಟ್. ಒಂದು ಮಾನಾದ ಕೆಂಪು ಸಿಡಿಲು. ಮೂರು ಆರ್ಟಿಫ್ಯಾಕ್ಟ್ ಇದ್ದರೆ ಎರಡರ ಬದಲು ನಾಲ್ಕು ಪೆಟ್ಟು. ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಹಳೆಯ ಲೇಖನಗಳನ್ನು ಓದಲು ಕೂತೆ. ಅಫಿನಿಟಿ ಹೊಸ ಕಾಯಿಲೆ ಅಲ್ಲ. 2003ರ ಅಕ್ಟೋಬರಿನಲ್ಲಿ ಮಿರಡಿನ್ ಅನ್ನೋ ಹೊಸ ಕಾರ್ಡ್‌ಗಳ ಸೆಟ್ ಬಂದಾಗ ಹುಟ್ಟಿದ್ದು. ಕೆಲವೇ ತಿಂಗಳಲ್ಲಿ ಅದು ಪಂದ್ಯಗಳನ್ನು ಎಷ್ಟು ಆವರಿಸಿಕೊಂಡಿತು ಅಂದರೆ, ಒಂದೋ ಅದನ್ನೇ ಆಡಬೇಕು, ಇಲ್ಲವೋ ಅದನ್ನು ಸೋಲಿಸಲೆಂದೇ ಡೆಕ್ ಕಟ್ಟಬೇಕು ಅನ್ನೋ ಸ್ಥಿತಿ ಬಂತು. 2004ರ ಜೂನ್‌ನಲ್ಲಿ ಸ್ಕಲ್‌ಕ್ಲ್ಯಾಂಪ್ ಅನ್ನೋ ಕಾರ್ಡನ್ನು ನಿಷೇಧಿಸಿದರು. ಸಾಲಲಿಲ್ಲ. 2005ರ ಮಾರ್ಚ್‌ನಲ್ಲಿ ಒಟ್ಟಿಗೇ ಎಂಟು ಕಾರ್ಡ್‌ಗಳನ್ನು ಸ್ಟ್ಯಾಂಡರ್ಡ್ ಅನ್ನೋ ಬಗೆಯ ಆಟದಿಂದ ಹೊರಹಾಕಿದರು. ಆ ಎಂಟರಲ್ಲಿ ಆರು ಏನು ಗೊತ್ತಾ? ಆರ್ಟಿಫ್ಯಾಕ್ಟ್ ಲ್ಯಾಂಡ್‌ಗಳು. ದೈತ್ಯ ಎನ್‌ಫೋರ್ಸರ್ ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಆ ಸಾಲು ಓದಿದ್ದೆ. ಆದರೆ ಅದು ನನಗೆ ಏನು ಹೇಳುತ್ತಿದೆ ಅಂತ ಆಗ ತಲೆಗೆ ಹೋಗಲಿಲ್ಲ. ನಾನು ಹುಡುಕುತ್ತಿದ್ದದ್ದು ಮದ್ದಿನ ಹೆಸರನ್ನು ಮಾತ್ರ. ಹಳೆಯ ಪಾಪರ್ ಆಟಗಾರರೆಲ್ಲ ಹೊಗಳಿದ್ದ ಮದ್ದು ಗೊರಿಲ್ಲಾ ಶಾಮನ್. ಒಂದು ಮಾನಾದ ಪುಟ್ಟ ಕೋತಿ. ಆಮೇಲೆ ಒಂದೊಂದು ಮಾನಾ ಕೊಟ್ಟ ಹಾಗೆ ಒಂದೊಂದು ಆರ್ಟಿಫ್ಯಾಕ್ಟ್ ಲ್ಯಾಂಡನ್ನು ತಿಂದು ಹಾಕುತ್ತದೆ. ಅದರ ಜೊತೆ ಸ್ಮ್ಯಾಶ್ ಟು ಸ್ಮಿದರೀನ್ಸ್, ಕಾಸ್ಟ್ ಇಂಟು ದಿ ಫೈರ್, ಏನ್ಶಿಯೆಂಟ್ ಗ್ರಡ್ಜ್. ಆರ್ಟಿಫ್ಯಾಕ್ಟ್ ಒಡೆಯುವ ಕಾರ್ಡ್ ಕಂಡಲ್ಲೆಲ್ಲ ಎತ್ತಿಕೊಂಡೆ. ಕೆಂಪು ಡೆಕ್ ಕಟ್ಟಿದೆ. ಅರವತ್ತರಲ್ಲಿ ಹದಿನಾಲ್ಕು ಕಾರ್ಡು ಅಫಿನಿಟಿಯ ಮೇಲಿನ ಸಿಟ್ಟು.

ಆಗಲೇ "ಅಕ್ಕ, ಅದು ಒಡೆಯಲ್ಲ" ಅನ್ನೋ ಮಾತು ಬಂದದ್ದು. ನಾನು ಓದಿದ್ದ ಸಲಹೆಗಳೆಲ್ಲ 2021ಕ್ಕಿಂತ ಹಿಂದಿನವು. ಆ ವರ್ಷದ ಜೂನ್‌ನಲ್ಲಿ ಮಾಡರ್ನ್ ಹೊರೈಜನ್ಸ್ 2 ಬಂತು. ಅದರಲ್ಲಿ ಹತ್ತು ಹೊಸ ಆರ್ಟಿಫ್ಯಾಕ್ಟ್ ಲ್ಯಾಂಡ್. ಎಲ್ಲದರ ಹೆಸರಿನಲ್ಲೂ ಬ್ರಿಡ್ಜ್ ಅಂತಿದೆ. ಒಂದೊಂದೂ ಎರಡು ಬಣ್ಣದ ಮಾನಾ ಕೊಡುತ್ತವೆ. ಮೇಜಿಗೆ ಬಂದ ಸರದಿಯಲ್ಲಿ ಮಾತ್ರ ಕೆಲಸ ಮಾಡಲ್ಲ, ಟ್ಯಾಪ್ ಆಗಿಯೇ, ಅಂದರೆ ಬಳಸಿದ ಗುರುತಿಗೆ ಅಡ್ಡ ತಿರುಗಿಸಿಕೊಂಡೇ ಬರುತ್ತವೆ. ಆದರೆ ನಾಶವಾಗಲ್ಲ. ಕೋತಿ ಎಷ್ಟು ಕಚ್ಚಿದರೂ ಹಲ್ಲು ಊರಲ್ಲ.

ಅವತ್ತೇ ಅವನು ಇನ್ನೂ ಒಂದು ಪಾಠ ಮಾಡಿದ. ಕೆಂಕು ಆರ್ಟಿಫಿಸರ್ ಅನ್ನೋ ಹಕ್ಕಿ ಮನುಷ್ಯನನ್ನು ಇಳಿಸಿದ. ಅದು ಒಂದು ಬ್ರಿಡ್ಜ್‌ಗೆ ರೆಕ್ಕೆ ಕೊಟ್ಟಿತು. ಆ ಲ್ಯಾಂಡ್ ಮೂರಕ್ಕೆ ಮೂರು ಬಲದ ಹಾರುವ ಪ್ರಾಣಿಯಾಯಿತು. ನಾನು ಲೈಟ್ನಿಂಗ್ ಬೋಲ್ಟ್ ಹೊಡೆದೆ. ಮೂರು ಪೆಟ್ಟು. ಬೇರೆ ಯಾವುದಾದರೂ ಆಗಿದ್ದರೆ ಸಾಯುತ್ತಿತ್ತು. ಅವನು ಮತ್ತೆ ಅದೇ ಪದದ ಕೆಳಗೆ ಉಗುರಿಟ್ಟ. ಸರದಿಗೆ ಮೂರರಂತೆ ಆ ಸೇತುವೆ ನನ್ನ ಪ್ರಾಣ ತಿಂದಿತು.

ಹೇಳಬೇಕಾದ ಮಾತು ಇನ್ನೊಂದಿದೆ. ಮುಂದಿನ ವಾರಗಳಲ್ಲಿ ಆ ಕೆಂಪು ಡೆಕ್ ಅಫಿನಿಟಿಯನ್ನು ಎರಡು ಸಲ ಸೋಲಿಸಿತು. ಕಾಸ್ಟ್ ಇಂಟು ದಿ ಫೈರ್ ಒಡೆಯೋದಿಲ್ಲ, ಆಟದಿಂದಲೇ ಹೊರಗೆ ಹಾಕುತ್ತದೆ. ಹಾಗಾಗಿ ಸಮಯಕ್ಕೆ ಸಿಕ್ಕರೆ ಬ್ರಿಡ್ಜನ್ನೂ ಎತ್ತಿ ಹಾಕಬಹುದಿತ್ತು. ಆದರೆ ಅದೇ ದಿನ ನೀಲಿ ಫೇರಿ ಡೆಕ್ ಎದುರು ಕೂತಾಗ ನನ್ನ ಕೈಯಲ್ಲಿ ಏನಿತ್ತು ಅಂತ ಇವತ್ತಿಗೂ ನೆನಪಿದೆ. ಎರಡು ಸ್ಮ್ಯಾಶ್, ಒಂದು ಗ್ರಡ್ಜ್, ಒಂದು ಕೋತಿ. ಎದುರಿಗೆ ಒಂದೇ ಒಂದು ಆರ್ಟಿಫ್ಯಾಕ್ಟ್ ಇಲ್ಲ. ಕೋತಿಯನ್ನು ಇಳಿಸಿ ಉಳಿದ ಮೂರು ಕಾರ್ಡ್ ಸುಮ್ನೆ ಹಿಡಿದುಕೊಂಡು ಕೂತಿದ್ದೆ. ಪುಟ್ಟ ಪುಟ್ಟ ಫೇರಿಗಳು ಒಂದೊಂದೇ ಪೆಟ್ಟು ಹಾಕುತ್ತ ಇಪ್ಪತ್ತನ್ನು ಸೊನ್ನೆ ಮಾಡಿದವು. ಐವರನ್ನು ಸೋಲಿಸಲು ಹೋಗಿ ಉಳಿದ ಆರು ಜನರಿಗೆ ಸೋಲುವ ಡೆಕ್ ಕಟ್ಟಿದ್ದೆ.

ನಮ್ಮಲ್ಲಿ ಒಬ್ಬರು, ನನಗಿಂತ ಹಿರಿಯರು, ಸಮಾಧಾನ ಹೇಳಿದರು. "ಬಿಡಮ್ಮ, ಇನ್ನೊಂದು ಆರು ತಿಂಗಳಲ್ಲಿ ಬ್ಯಾನ್ ಮಾಡ್ತಾರೆ." ಅವರ ಮಾತಿಗೂ ಆಧಾರ ಇತ್ತು. 2021ರ ಸೆಪ್ಟೆಂಬರಿನಲ್ಲಿ ಸೋಜರ್ನರ್ಸ್ ಕಂಪ್ಯಾನಿಯನ್ ಹೋಗಿತ್ತು. 2022ರ ಜನವರಿಯಲ್ಲಿ ಏಟಾಗ್, ಮಾರ್ಚ್‌ನಲ್ಲಿ ಡಿಸೈಪಲ್ ಆಫ್ ದಿ ವಾಲ್ಟ್. ಮೂರೂ ಅಫಿನಿಟಿಯ ಕಾರ್ಡ್‌ಗಳೇ. ಆದರೂ ಡೆಕ್ ಸತ್ತಿರಲಿಲ್ಲ. ಯಾಕೆಂದರೆ ಲ್ಯಾಂಡ್‌ಗಳು ಹಾಗೇ ಇದ್ದವು. ನಿಷೇಧ ಬೇಡವೇ ಬೇಡ ಅಂತ ನಾನು ಹೇಳಲ್ಲ. 2005ರಲ್ಲಿ ಮಾಡಿದ್ದು ಸರಿಯಾಗೇ ಇತ್ತು, ಆಟವನ್ನೇ ಬಿಟ್ಟು ಹೋಗುತ್ತಿದ್ದ ಜನರನ್ನು ಉಳಿಸಿಕೊಳ್ಳಬೇಕಿತ್ತು. ಆದರೆ ಭಾನುವಾರದ ನಮ್ಮ ಮೇಜಿನಲ್ಲಿ ಕೂತು, ದೂರದ ಯಾರೋ ಬಂದು ನಮ್ಮ ಕಷ್ಟ ಪರಿಹಾರ ಮಾಡಲಿ ಅಂತ ಕಾಯೋದು ನನಗೆ ಒಗ್ಗಲಿಲ್ಲ. ಕಾಯುವಷ್ಟು ದಿನ ಕಲಿಯಬಹುದಿತ್ತು.

ಹಾಗಾಗಿ ಆ ಹುಡುಗನನ್ನೇ ಕೇಳಿದೆ. "ನಿನ್ನ ಡೆಕ್ ಎರಡು ವಾರ ಕೊಡ್ತೀಯಾ?"

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಡಬ್ಬಿ ಸಮೇತ ಕೊಟ್ಟ. "ಮಳೇಲಿ ನೆನೆಸಬೇಡಿ ಅಕ್ಕ, ಅಷ್ಟೇ." ಕವರಿನಲ್ಲಿ ಸುತ್ತಿ, ಅದನ್ನು ಊಟದ ಡಬ್ಬಿಯೊಳಗೆ ಇಟ್ಟುಕೊಂಡು ಬಸ್ ಹತ್ತಿದೆ.

ಈ ಎರಡು ವಾರ ಕಲಿಸಿದಷ್ಟು ಯಾವ ಲೇಖನವೂ ನನಗೆ ಕಲಿಸಲಿಲ್ಲ. ನನ್ನ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ರಾತ್ರಿ ಊಟವಾದ ಮೇಲೆ ಆಡುತ್ತಿದ್ದೆ. ಅವನ ಕೈಯಲ್ಲಿ ನನ್ನ ಹಳೆಯ ಡೆಕ್‌ಗಳು, ನನ್ನ ಕೈಯಲ್ಲಿ ಅಫಿನಿಟಿ. ಪಕ್ಕದಲ್ಲಿ ಒಂದು ನೋಟ್‌ಬುಕ್. ಅಫಿನಿಟಿ ಹಿಡಿದಾಗ ನನಗೆ ಯಾವಾಗ ಭಯವಾಯಿತು ಅನ್ನೋದನ್ನು ಮಾತ್ರ ಬರೆದುಕೊಳ್ಳಬೇಕು ಅಂತ ನಿಯಮ ಮಾಡಿಕೊಂಡಿದ್ದೆ.

ತಮ್ಮ ನನ್ನ ದೈತ್ಯರನ್ನು ಕೊಂದಾಗ ಭಯ ಆಗಲಿಲ್ಲ. ಇನ್ನೊಬ್ಬ ಬರುತ್ತಾನೆ, ಅದೂ ಕಡಿಮೆ ಬೆಲೆಗೆ. ಕೈಯಲ್ಲಿದ್ದ ಕಾರ್ಡ್ ಕಿತ್ತುಕೊಂಡಾಗಲೂ ಅಷ್ಟೇನೂ ಬೇಜಾರಾಗಲಿಲ್ಲ. ಭಯವಾದದ್ದು ಎರಡೇ ಜಾಗದಲ್ಲಿ. ಮೊದಲನೆಯದು ಎರಡನೇ ಮತ್ತು ಮೂರನೇ ಸರದಿಯ ನಡುವೆ. ಈ ಡೆಕ್ಕಿಗೆ ನೀಲಿ, ಕಪ್ಪು, ಕೆಂಪು ಮೂರೂ ಬಣ್ಣ ಬೇಕು. ಆ ಹೊತ್ತಿಗೆ ಮೇಜಿನ ಮೇಲಿರೋದು ಎರಡೋ ಮೂರೋ ಲ್ಯಾಂಡ್. ಅದರಲ್ಲಿ ಒಂದು ಹೋದರೂ ಬಣ್ಣ ತಪ್ಪುತ್ತದೆ, ದೈತ್ಯನ ಬೆಲೆ ಏರುತ್ತದೆ, ಬ್ಲಾಸ್ಟಿನ ನಾಲ್ಕು ಪೆಟ್ಟು ಎರಡಾಗುತ್ತದೆ. ಒಂದು ಕಾರ್ಡ್ ತೆಗೆದರೆ ಮೂರು ಕಡೆ ನಷ್ಟ. ಎರಡು ಕಡೆ ಲೆಕ್ಕಕ್ಕೆ ಬರುವ ಕಾರ್ಡ್ ಹೋದರೆ ಎರಡೂ ಕಡೆ ಲೆಕ್ಕ ತಪ್ಪಲೇಬೇಕು ಅಲ್ವಾ? 2005ರ ನಿಷೇಧದ ಪಟ್ಟಿಯಲ್ಲಿ ಆರು ಲ್ಯಾಂಡ್ ಯಾಕಿದ್ದವು ಅನ್ನೋದು ನನಗೆ ಅರ್ಥವಾದದ್ದು ಆಗ, ಆ ಚಾಪೆಯ ಮೇಲೆ.

ಎರಡನೆಯ ಭಯ ಆಕಾಶ. ಈ ಡೆಕ್ಕಿನ ಅಸಲಿ ಕತ್ತಿ ಕ್ರಾರ್ಕ್-ಕ್ಲ್ಯಾನ್ ಶಾಮನ್ ಅನ್ನೋ ಕುಳ್ಳ ಗಾಬ್ಲಿನ್. ಒಂದು ಆರ್ಟಿಫ್ಯಾಕ್ಟ್ ಬಲಿ ಕೊಟ್ಟರೆ ಹಾರದ ಪ್ರತಿಯೊಂದು ಪ್ರಾಣಿಗೂ ಒಂದು ಪೆಟ್ಟು. ಎರಡು ಬಲಿ ಕೊಟ್ಟರೆ ಎರಡು ಪೆಟ್ಟು. ಪುಟ್ಟ ಸೈನಿಕರ ದಂಡನ್ನೇ ಒಂದು ಉಸಿರಿನಲ್ಲಿ ಗುಡಿಸಿ ಹಾಕುತ್ತದೆ. ಆದರೆ ಕಾರ್ಡಿನ ಮೇಲೆ ಸ್ಪಷ್ಟವಾಗಿ ಬರೆದಿದೆ, ಹಾರದವುಗಳಿಗೆ ಮಾತ್ರ. ತಮ್ಮ ಒಂದು ಸಲ ಎರಡನೇ ಸರದಿಯಲ್ಲೇ ಹಾರುವ ಪ್ರಾಣಿ ಇಳಿಸಿದ. ಎನ್‌ಫೋರ್ಸರ್ ಕೆಳಗೆ ನಿಂತು ನೋಡುತ್ತಿತ್ತು. ಬ್ಲಾಸ್ಟ್ ಕೈಗೆ ಬರುವವರೆಗೆ ನಾನು ಏನೂ ಮಾಡಲಾಗದೆ ಪೆಟ್ಟು ತಿಂದೆ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ನನಗೆ ತುಂಬ ಇಷ್ಟದ ಕಥೆ. 1996ರ ಬೇಸಿಗೆಯನ್ನು ಮ್ಯಾಜಿಕ್ ಆಟಗಾರರು ಬ್ಲ್ಯಾಕ್ ಸಮ್ಮರ್ ಅಂತ ಕರೆಯುತ್ತಾರೆ. 1995ರ ಐಸ್ ಏಜ್ ಸೆಟ್ಟಿನಲ್ಲಿ ಬಂದ ನೆಕ್ರೊಪೊಟೆನ್ಸ್ ಅನ್ನೋ ಕಪ್ಪು ಕಾರ್ಡ್ ಅದಕ್ಕೆ ಕಾರಣ. ಅದು ಮೇಜಿನ ಮೇಲಿದ್ದರೆ ಪ್ರತಿ ಸರದಿಯಲ್ಲಿ ಸಿಗುವ ಒಂದು ಕಾರ್ಡ್ ಬಿಡಬೇಕು. ಬದಲಿಗೆ ಒಂದು ಪ್ರಾಣ ಕೊಟ್ಟರೆ ಒಂದು ಕಾರ್ಡು, ಎಷ್ಟು ಬೇಕಾದರೂ. ಪ್ರಾಣವನ್ನೇ ಚಿಲ್ಲರೆ ಮಾಡಿ ಖರ್ಚು ಮಾಡುವ ಅಂಗಡಿ. ಎಲ್ಲಿ ನೋಡಿದರೂ ಕಪ್ಪು ಡೆಕ್‌ಗಳು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದು ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್. ಅವರು ಆಡಿದ್ದು ಪುಟ್ಟ ಬಿಳಿ ಸೈನಿಕರ ಡೆಕ್. ಅದರಲ್ಲಿ ಎರಡೆರಡು ಮಾನಾದ ಯೋಧರಿದ್ದರು, ಕಪ್ಪಿನಿಂದ ರಕ್ಷಣೆ ಇದ್ದವರು. ಕಪ್ಪು ಮಂತ್ರ ಅವರ ಮೇಲೆ ಗುರಿ ಇಡಲಾರದು, ಕಪ್ಪು ಪ್ರಾಣಿ ಅವರನ್ನು ತಡೆಯಲಾರದು. ಚಾನ್‌ಫೆಂಗ್ ತಮ್ಮ ಡೆಕ್ ಪಟ್ಟಿಯಲ್ಲಿ ನೀಲಿ ಮಾನಾ ಕೊಡುವ ಲ್ಯಾಂಡ್‌ಗಳನ್ನು ಬರೆಯಲು ಮರೆತಿದ್ದರಂತೆ. ಅದರಿಂದ ಡೆಕ್ಕಿನಲ್ಲಿದ್ದ ನೀಲಿ ಕಾರ್ಡ್ ಇಡೀ ಪಂದ್ಯದಲ್ಲಿ ಆಡಲಾಗದೆ ಉಳಿಯಿತು. ಆದರೂ ಗೆದ್ದರು. ಅವರಿಗೆ ಬಹುಮಾನವಾಗಿ ಕೊಟ್ಟ '1996 ವರ್ಲ್ಡ್ ಚಾಂಪಿಯನ್' ಕಾರ್ಡ್ ಜಗತ್ತಿನಲ್ಲಿ ಇರೋದು ಒಂದೇ ಒಂದು.

ನಾನು ಆ ಕಥೆಯಲ್ಲಿ ಮತ್ತೆ ಮತ್ತೆ ನೋಡಿದ್ದು ಆ ಯೋಧರನ್ನು. ಅವರು ಕಪ್ಪು ಡೆಕ್ ಎದುರಾದರೆ ಮಾತ್ರ ಕೆಲಸಕ್ಕೆ ಬರುವವರಲ್ಲ. ಹಸಿರು ಬಂದರೂ, ಕೆಂಪು ಬಂದರೂ ಎರಡು ಮಾನಾಕ್ಕೆ ಒಳ್ಳೆಯ ಯೋಧರೇ. ಕಪ್ಪು ಬಂದರೆ ಆ ಕಡೆಯ ಆಯುಧ ಇವರನ್ನು ತಲುಪಲ್ಲ, ಅಷ್ಟೇ. 2004ರಲ್ಲಿ ಅಫಿನಿಟಿ ಎದುರು ಹಸಿರು ಡೆಕ್‌ಗಳು ಇಟ್ಟುಕೊಳ್ಳುತ್ತಿದ್ದ ವಿರಿಡಿಯನ್ ಶಾಮನ್ ಕೂಡ ಹಾಗೇ. ಬಂದಾಗ ಒಂದು ಆರ್ಟಿಫ್ಯಾಕ್ಟ್ ಒಡೆಯುತ್ತದೆ. ಒಡೆಯಬೇಕಾದ್ದು ಮುಗಿದ ಮೇಲೂ ಎರಡಕ್ಕೆ ಎರಡರ ಪ್ರಾಣಿಯಾಗಿ ನಿಂತಿರುತ್ತದೆ. ನನ್ನ ಕೆಂಪು ಡೆಕ್ಕಿನ ಹದಿನಾಲ್ಕು ಕಾರ್ಡ್‌ಗಳಲ್ಲಿ ಹೆಚ್ಚಿನವುಗಳಿಗೆ ಆ ಗುಣ ಇರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಅರವತ್ತರಲ್ಲಿ ನಾಲ್ಕು ಮದ್ದಿನ ಕಾರ್ಡ್ ಇಟ್ಟರೆ, ಮೊದಲ ಏಳು ಕಾರ್ಡಿನಲ್ಲಿ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ ಸುಮಾರು 40. ಹತ್ತು ಕಾರ್ಡ್ ನೋಡುವ ಹೊತ್ತಿಗೆ ಅದು 53 ಆಗುತ್ತದೆ. ಅಂದರೆ ಬೇಕಾದ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಸಲ ಮದ್ದು ಕೈಯಲ್ಲಿ ಇರೋದೇ ಇಲ್ಲ. ಈ ಅಂಕಿ ನೋಡಿ ತುಂಬ ಹೊತ್ತು ಕೂತಿದ್ದೆ. ಮದ್ದು ಸಿಗದ ಆ ಅರ್ಧ ಆಟಗಳಲ್ಲಿ ಗೆಲ್ಲೋದು ಯಾರು? ಡೆಕ್ಕೇ ಗೆಲ್ಲಬೇಕು. ಆ ಡೆಕ್ ನಿಂತ ಜಾಗದಲ್ಲೇ ಎದುರಾಳಿಯ ಕತ್ತಿ ತಲುಪದ ಹಾಗಿರಬೇಕು. ಮದ್ದು ಅದರ ಮೇಲಿನ ಮಾತು.

ಅಲ್ಲಿಂದ ಬಿಳಿ ಡೆಕ್ ಹುಟ್ಟಿತು. ಒಂದೇ ಬಣ್ಣ, ಹಾಗಾಗಿ ಬಣ್ಣದ ತಾಪತ್ರಯ ಇಲ್ಲ. ಥ್ರಾಬೆನ್ ಇನ್‌ಸ್ಪೆಕ್ಟರ್ ಮೊದಲ ಸರದಿಗೆ, ಬರುವಾಗಲೇ ಮುಂದೆ ಒಂದು ಕಾರ್ಡ್ ಆಗುವ ಸುಳಿವೊಂದನ್ನು ತರುತ್ತದೆ. ಎರಡನೆಯದಕ್ಕೆ ಕೋರ್ ಸ್ಕೈಫಿಷರ್, ಎರಡಕ್ಕೆ ಮೂರು ಬಲ, ಹಾರುತ್ತದೆ. ಅದು ಬರುವಾಗ ನಮ್ಮದೇ ಒಂದು ಕಾರ್ಡನ್ನು ಕೈಗೆ ವಾಪಸ್ ತೆಗೆದುಕೊಳ್ಳಬೇಕು. ನೋಡಿದರೆ ದಂಡ ಕಟ್ಟಿದ ಹಾಗೆ. ಆದರೆ ಇನ್‌ಸ್ಪೆಕ್ಟರನ್ನು ವಾಪಸ್ ತೆಗೆದುಕೊಂಡು ಮತ್ತೆ ಇಳಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ. ಈ ಜೋಡಿಯನ್ನು ಕಂಡರೆ ನನಗೆ ಈಗಲೂ ಖುಷಿ. ನಾಲ್ಕನೇ ಸರದಿಗೆ ಬ್ಯಾಟಲ್ ಸ್ಕ್ರೀಚ್. ಒಂದಕ್ಕೆ ಒಂದರ ಎರಡು ಹಕ್ಕಿ. ಆಮೇಲೆ ಮೂರು ಬಿಳಿ ಪ್ರಾಣಿಗಳನ್ನು ಟ್ಯಾಪ್ ಮಾಡಿದರೆ ಅದೇ ಕಾರ್ಡ್ ಗೋರಿಯಿಂದ, ಅಂದರೆ ಬಳಸಿ ಮುಗಿದ ಕಾರ್ಡ್‌ಗಳ ರಾಶಿಯಿಂದ, ಎದ್ದು ಬಂದು ಇನ್ನೆರಡು ಹಕ್ಕಿ ಕೊಡುತ್ತದೆ. ಕ್ರಾರ್ಕ್-ಕ್ಲ್ಯಾನ್ ಶಾಮನ್ ಕೆಳಗೆ ಏನೇ ಗುಡಿಸಲಿ, ಈ ನಾಲ್ಕು ಹಕ್ಕಿಗಳಿಗೆ ಧೂಳೂ ತಾಗಲ್ಲ.

ಇನ್ನು ಮದ್ದು. ಡಸ್ಟ್ ಟು ಡಸ್ಟ್. ಮೂರು ಮಾನಾ, ಬಿಳಿ. ಎರಡು ಆರ್ಟಿಫ್ಯಾಕ್ಟ್‌ಗಳನ್ನು ಆಟದಿಂದಲೇ ಹೊರಗೆ ಹಾಕುತ್ತದೆ. ನಾಶ ಅನ್ನೋ ಪದವೇ ಅದರಲ್ಲಿಲ್ಲ. ಈ ಕಾರ್ಡ್ ಮೊದಲು ಬಂದದ್ದು 1994ರ ದಿ ಡಾರ್ಕ್ ಸೆಟ್ಟಿನಲ್ಲಿ. ಬ್ರಿಡ್ಜ್‌ಗಳು ಬಂದದ್ದು 2021ರಲ್ಲಿ. ಇಂಡಿಸ್ಟ್ರಕ್ಟಿಬಲ್ ಅನ್ನೋ ಗೋಡೆಯನ್ನು ದಾಟುವ ಪದವನ್ನು ಯಾರೋ 27 ವರ್ಷ ಮೊದಲೇ ಬರೆದಿಟ್ಟಿದ್ದರು. ಹಳೆಯ ಟ್ರಂಕಿನಲ್ಲಿ ಹೊಸ ಬೀಗದ ಕೀ ಸಿಕ್ಕ ಹಾಗೆ ಆಯಿತು ನನಗೆ.

ಕೀ ಇದೆ ಅಂತ ಗೊತ್ತಾದರೆ ಸಾಲದು, ಕೈಗೆ ಬರಬೇಕಲ್ಲ. ನಮ್ಮ ಗುಂಪಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅಮೆರಿಕದಿಂದ ಬರಲಿದ್ದ ಚಿಕ್ಕಮ್ಮನ ಮಗನಿಗೆ ಹೇಳಿದೆ. ಅವನು ಬರುವವರೆಗೆ ಐದು ವಾರ, ಕಾಗದದ ಚೀಟಿಯ ಮೇಲೆ ಬಾಲ್ ಪೆನ್ನಿನಲ್ಲಿ 'ಡಸ್ಟ್' ಅಂತ ಬರೆದು ಸ್ಲೀವಿನೊಳಗೆ ಹಾಕಿಕೊಂಡು ತಮ್ಮನ ಜೊತೆ ಆಡಿದೆ. ಕೊನೆಗೆ ಚಾಕೊಲೇಟ್ ಡಬ್ಬಿಯ ಜೊತೆ ಒಂದು ಪುಟ್ಟ ಕವರ್ ಬಂತು. ಚಾಕೊಲೇಟ್ ಮನೆಯವರ ಪಾಲಾಯಿತು.

ಆದರೆ ಈ ನಾಲ್ಕನ್ನು ಅರವತ್ತರೊಳಗೆ ಹಾಕಲಿಲ್ಲ. ಕೆಂಪು ಡೆಕ್ಕಿನ ಪಾಠ ಮರೆತಿರಲಿಲ್ಲ. ಮೂರು ಆಟದ ಪಂದ್ಯದಲ್ಲಿ ಮೊದಲ ಆಟ ಮುಗಿದ ಮೇಲೆ ಕಾರ್ಡ್ ಬದಲಾಯಿಸಿಕೊಳ್ಳಬಹುದು. ಅದಕ್ಕೆ ಸೈಡ್‌ಬೋರ್ಡ್ ಅಂತ ಹದಿನೈದು ಕಾರ್ಡಿನ ಜಾಗ ಕೊಟ್ಟಿದ್ದಾರೆ. ಹದಿನೈದು ಅಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ. ಕೂತು ಹಂಚಿ ನೋಡಿ. ಅಫಿನಿಟಿಗೆ ನಾಲ್ಕು ಡಸ್ಟ್ ಟು ಡಸ್ಟ್. ಕೆಂಪು ಬೆಂಕಿಯ ಡೆಕ್‌ಗಳಿಗೆ ಮೂರು ಪ್ರಿಸ್ಮ್ಯಾಟಿಕ್ ಸ್ಟ್ರ್ಯಾಂಡ್ಸ್, ಮೂರು ಲೋನ್ ಮಿಷನರಿ. ಬೋಗಲ್ಸ್ ಅನ್ನೋ ಡೆಕ್ ಆಡುವ ಒಬ್ಬರಿಗಾಗಿ ಮೂರು ಸ್ಟ್ಯಾಂಡರ್ಡ್ ಬೇರರ್. ಗೋರಿಯಿಂದ ಕಾರ್ಡ್ ಎಬ್ಬಿಸುವವರಿಗೆ ಎರಡು ರೆಲಿಕ್. ಅಲ್ಲಿಗೆ ಮುಗಿದೇ ಹೋಯಿತು. ನೀಲಿ ಫೇರಿಗೆ ಒಂದೂ ಇಲ್ಲ. ಆ ಪಂದ್ಯವನ್ನು ಅರವತ್ತರಿಂದಲೇ ಗೆಲ್ಲಬೇಕು ಅಂತ ತೀರ್ಮಾನ ಮಾಡಿದೆ. ಎಲ್ಲರಿಗೂ ಒಂದೊಂದು ಹಂಚಿ ಎಲ್ಲರನ್ನೂ ಅರ್ಧಂಬರ್ಧ ಎದುರಿಸೋದಕ್ಕಿಂತ, ಒಬ್ಬರ ಮುಂದೆ ಮದ್ದಿಲ್ಲದೆ ನಿಲ್ಲೋದು ಒಳ್ಳೆಯದು ಅಂತ ನನಗೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಇನ್ನೊಂದು ಮಾತು ಯಾರೂ ಮೊದಲೇ ಹೇಳಲ್ಲ. ಒಳಗೆ ಏನು ಹಾಕಬೇಕು ಅನ್ನೋದು ಸುಲಭ. ಯಾವುದನ್ನು ತೆಗೆಯಬೇಕು ಅನ್ನೋದು ಕಷ್ಟ. ನಾಲ್ಕು ಡಸ್ಟ್ ಒಳಗೆ ಬಂದರೆ ನಾಲ್ಕು ಹೊರಗೆ ಹೋಗಬೇಕಲ್ಲ. ನೆಲದ ಮೇಲೆ ನಡೆಯುವ ಒಂದು ಪ್ರಾಣದ ಸೈನಿಕರನ್ನು ತೆಗೆದೆ. ಕ್ರಾರ್ಕ್-ಕ್ಲ್ಯಾನ್ ಶಾಮನ್‌ಗೆ ತಿನ್ನಲು ಸಿಗುತ್ತಿದ್ದವರು ಅವರೇ. ಇದನ್ನು ಮನೆಯಲ್ಲೇ ಚೀಟಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೆ.

ಅಕ್ಟೋಬರಿನ ಒಂದು ಭಾನುವಾರ ಅದೇ ಹುಡುಗನ ಎದುರು ಕೂತೆ. ಮೊದಲ ಆಟ ಅವನದು. ಎರಡು ಎನ್‌ಫೋರ್ಸರ್, ಕೊನೆಗೊಂದು ಬ್ಲಾಸ್ಟ್. ನಾಲ್ಕು ಕಾರ್ಡ್ ಬದಲಾಯಿಸಿದೆ.

ಎರಡನೇ ಆಟ ನಾನು ಮೊದಲು. ಇನ್‌ಸ್ಪೆಕ್ಟರ್. ಆಮೇಲೆ ಸ್ಕೈಫಿಷರ್. ಅವನ ಕಡೆ ಒಂದು ಮಿಸ್ಟ್‌ವಾಲ್ಟ್ ಬ್ರಿಡ್ಜ್, ಒಂದು ಗ್ರೇಟ್ ಫರ್ನೇಸ್, ಎರಡನ್ನೂ ಟ್ಯಾಪ್ ಮಾಡಿ ಇಕರ್ ವೆಲ್‌ಸ್ಪ್ರಿಂಗ್. ನನ್ನ ಮೂರನೇ ಪ್ಲೇನ್ಸ್, ಅಂದರೆ ಬಿಳಿ ಮಾನಾದ ಲ್ಯಾಂಡ್, ಇಳಿಸಿದೆ. ಕೈ ಸ್ವಲ್ಪ ನಡುಗುತ್ತಿತ್ತು. ಮೂರನ್ನೂ ಟ್ಯಾಪ್ ಮಾಡಿ ಡಸ್ಟ್ ಟು ಡಸ್ಟ್ ಮೇಜಿನ ಮೇಲಿಟ್ಟೆ. ಅವನು ವೆಲ್‌ಸ್ಪ್ರಿಂಗ್ ಕಡೆ ಕೈ ಚಾಚಿದ. ಅದನ್ನೇ ತೆಗೆಯುತ್ತೇನೆ ಅಂದುಕೊಂಡನೇನೋ.

"ಅಲ್ಲ. ಆ ಎರಡು ಲ್ಯಾಂಡ್."

ಅವನು ಕಾರ್ಡನ್ನು ಎತ್ತಿಕೊಂಡು ಓದಿದ. ಮತ್ತೊಮ್ಮೆ ಓದಿದ. ಬ್ರಿಡ್ಜಿನ ಮೇಲೆ ಅದೇ ಪದದ ಕೆಳಗೆ ಉಗುರಿಟ್ಟ. ಆಮೇಲೆ ಉಗುರು ತೆಗೆದು, ಎರಡೂ ಲ್ಯಾಂಡನ್ನು ಮೇಜಿನ ಅಂಚಿಗೆ ಸರಿಸಿದ. ಅವನ ಮುಂದೆ ಉಳಿದದ್ದು ನೆಲವೇ ಇಲ್ಲದ ಒಂದು ವೆಲ್‌ಸ್ಪ್ರಿಂಗ್. ನಾಲ್ಕು ಸರದಿ ಕಳೆದ ಮೇಲೆ ಅವನೇ ಕಾರ್ಡ್ ಮಡಚಿಟ್ಟು "ಮೂರನೇದು ಆಡೋಣ" ಅಂದ.

ಮೂರನೆಯದರಲ್ಲಿ ಅವನೂ ತಯಾರಾಗಿ ಬಂದಿದ್ದ. ಎರಡನೇ ಸರದಿಯಲ್ಲೇ ಡ್ಯೂರೆಸ್. ನನ್ನ ಕೈ ತೋರಿಸಬೇಕು, ಪ್ರಾಣಿಯೂ ಲ್ಯಾಂಡೂ ಅಲ್ಲದ ಒಂದು ಕಾರ್ಡನ್ನು ಅವನು ಗೋರಿಗೆ ಕಳಿಸುತ್ತಾನೆ. ಕೈ ಬಿಡಿಸಿ ಮೇಜಿನ ಮೇಲೆ ಹರಡಿದೆ. ಡಸ್ಟ್ ಟು ಡಸ್ಟ್ ಇತ್ತು. ಪಕ್ಕದಲ್ಲೇ ಬ್ಯಾಟಲ್ ಸ್ಕ್ರೀಚ್. ಅವನು ಗಲ್ಲಕ್ಕೆ ಕೈಯಿಟ್ಟು ಕೂತ. ಡಸ್ಟ್ ಬಿಟ್ಟರೆ ನೆಲ ಹೋಗುತ್ತದೆ. ಸ್ಕ್ರೀಚ್ ಗೋರಿಗೆ ಹೋದರೂ ಅಲ್ಲಿಂದಲೇ ಎದ್ದು ಬರುತ್ತದೆ. ಹೊರಗೆ ಮಳೆ ಜೋರಾಗಿತ್ತು. ಪಕ್ಕದ ಮೇಜಿನವರೂ ಆಟ ನಿಲ್ಲಿಸಿ ನೋಡುತ್ತಿದ್ದರು. ಅವನು ಡಸ್ಟ್ ಟು ಡಸ್ಟ್ ಆರಿಸಿದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ.

ಹಕ್ಕಿಗಳು ಬಂದವು. ಎರಡು, ಆಮೇಲೆ ನಾಲ್ಕು. ಅವನು ಒಂದನ್ನು ಬ್ಲಾಸ್ಟಿನಿಂದ ಹೊಡೆದ. ಶಾಮನ್ ಕೆಳಗಿದ್ದ ನನ್ನ ಇನ್‌ಸ್ಪೆಕ್ಟರ್‌ಗಳನ್ನೆಲ್ಲ ಗುಡಿಸಿ ಹಾಕಿದ. ಉಳಿದ ಮೂರು ಹಕ್ಕಿ ಮತ್ತು ಒಂದು ಸ್ಕೈಫಿಷರ್ ಸರದಿಗೆ ಐದರಂತೆ ಹೊಡೆಯುತ್ತ ಹೋದವು. ಮದ್ದಿನ ಕಾರ್ಡ್ ಗೋರಿಯಲ್ಲೇ ಇತ್ತು.

ಪಂದ್ಯ ಮುಗಿದ ಮೇಲೆ ಅವನು ನನ್ನ ಡೆಕ್ಕನ್ನು ಕೇಳಿ ತೆಗೆದುಕೊಂಡು, ಒಂದೊಂದೇ ಕಾರ್ಡನ್ನು ಮೇಜಿನ ಮೇಲೆ ಹರಡಿ ನೋಡಿದ. ಮುಚ್ಚಳದ ಚೀಟಿಯನ್ನೂ ಓದಿದ. "ಅಕ್ಕ, ಸ್ಟ್ರ್ಯಾಂಡ್ಸ್ ಎರಡು ಸಾಕು, ಮೂರು ಜಾಸ್ತಿ ಆಯ್ತು" ಅಂದ. ಅವನು ಹೇಳಿದ್ದು ಸರಿ ಇತ್ತು.

ಮೂರು ವಾರ ಕಳೆದ ಮೇಲೆ ಐದು ಅಫಿನಿಟಿಯಲ್ಲಿ ಉಳಿದದ್ದು ಎರಡು. ಡಸ್ಟ್ ಟು ಡಸ್ಟ್ ಬೇರೆಯವರೂ ತರಿಸಿಕೊಂಡಿದ್ದರು. ಆ ಹುಡುಗ ಹಸಿರು ಡೆಕ್ ಕಟ್ಟುತ್ತಿದ್ದ, ನಮ್ಮಲ್ಲಿ ಯಾರೂ ಆಡದ ಬಗೆಯದು. ಗುರುವಾರ ರಾತ್ರಿ ಮತ್ತೆ ಚಾಪೆ ಹಾಸಿದೆ. ಎರಡು ಡಸ್ಟ್ ಟು ಡಸ್ಟ್ ತೆಗೆದು ಡಬ್ಬಿಯ ತಳಕ್ಕೆ ಇಟ್ಟೆ. ಹದಿಮೂರು ಕಾರ್ಡನ್ನು ಸಾಲಾಗಿ ಜೋಡಿಸಿ, ಕೊನೆಗೆ ಎರಡು ಖಾಲಿ ಸ್ಲೀವ್ ಇಟ್ಟೆ. ತಮ್ಮ ಬಂದು ಪಕ್ಕದಲ್ಲಿ ಕೂತ. "ಹಸಿರಿಗೆ ಏನು ಭಯ?" ಅಂತ ಕೇಳಿದ. ನೋಟ್‌ಬುಕ್ಕಿನ ಹೊಸ ಪುಟ ತೆಗೆದೆ.